ಮರಿ ಕೂಡಿಸುವ ಬಗೆ

ಚನ್ನಪಟ್ಟಣ
೨ ನವೆಂಬರ್ ೨೦೨೪

ಚಿಕ್ಕಮ್ಮನಿಗೆ ವರಲಕ್ಷ್ಮಿಯ ನಮಸ್ಕಾರ.

ಕಾಗದ ಕಂಡು ಗಾಬರಿಯಾಗಬೇಡಿ, ಯಾರಿಗೂ ಏನೂ ಆಗಿಲ್ಲ. ಅಪ್ಪ ಎಂದಿನಂತೆ ಹಿತ್ತಲ ಕೋಣೆಯಲ್ಲಿ ಬೊಂಬೆ ಕಡೆಯುತ್ತಾರೆ, ಮನೆ ತುಂಬ ಅರಗಿನ ವಾಸನೆ, ಅಮ್ಮ ಬೈಯುತ್ತಾಳೆ. ಫೋನ್ ಮಾಡಬಹುದಿತ್ತು. ಆದರೆ ನಮ್ಮ ಮನೆಯಲ್ಲಿ ಫೋನ್ ಬಂದರೆ ಅಮ್ಮ ಸ್ಪೀಕರ್ ಹಾಕುತ್ತಾಳೆ, ನಿಮ್ಮ ಮನೆಯಲ್ಲಿ ಚಿಕ್ಕಪ್ಪ ಹಾಕುತ್ತಾರೆ. ಊಟ ಆಯಿತಾ, ಮಳೆ ಬಂತಾ ಅನ್ನುವುದನ್ನು ದಾಟಿ ನಾವಿಬ್ಬರೂ ಇದುವರೆಗೆ ಮುಂದಕ್ಕೆ ಹೋಗಿಲ್ಲ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಾನು ತಿಮ್ಮೇಶನ ಜೊತೆ ಅವಳಿಯಾಗಿ ನಿಮ್ಮ ಹೊಟ್ಟೆಯಲ್ಲಿ ಹುಟ್ಟಿದವಳು, ಮೂರು ದಿನದ ಮಗುವಾಗಿ ನಿಮ್ಮಕ್ಕನ ಮಡಿಲಿಗೆ ಬಂದವಳು ಅಂತ ಅಮ್ಮ ಹೋದ ವರ್ಷ ಹೇಳಿದಳು. ಅದನ್ನು ಕೇಳುವುದಕ್ಕೆ ಈ ಕಾಗದ ಅಲ್ಲ. ಗೊತ್ತಿಲ್ಲದವಳ ಹಾಗೆ ಬರೆಯುವುದು ಸರಿ ಕಾಣಲಿಲ್ಲ, ಅಷ್ಟೇ.

ವಿಷಯ ಕುರಿಯದು. ರಾಮನಗರದಲ್ಲಿ ನಮಗೆ ಈ ಸೆಮಿಸ್ಟರ್ ಪ್ರಾಣಿಗಳ ನಡವಳಿಕೆ ಎಂಬ ಪಾಠ ಇದೆ. ಲ್ಯಾಬ್ ಎಂದರೆ ಕಪ್ಪೆ ಕೊಯ್ಯುವುದು ಅಂದುಕೊಂಡಿದ್ದೆ. ಕೆಹಕಶಾನ್ ಮೇಡಂ ಮೊದಲ ದಿನವೇ ನಮ್ಮನ್ನು ಗೋಡೆ ಪಕ್ಕ ಕೂರಿಸಿ ಒಂದು ಗಂಟೆ ಇರುವೆ ನೋಡಿಸಿದರು. ಈಗ ಒಬ್ಬೊಬ್ಬರು ಒಂದೊಂದು ಪ್ರಾಣಿ ಆರಿಸಿಕೊಳ್ಳಬೇಕು. ನನ್ನ ಗೆಳತಿಯೊಬ್ಬಳು ದೊಡ್ಡಸ್ತಿಕೆಗೆ ರಾಮದೇವರ ಬೆಟ್ಟದ ರಣಹದ್ದು ಆರಿಸಿಕೊಂಡು, ಮೂರು ವಾರದಿಂದ ಬರೀ ಬಂಡೆ ನೋಡುತ್ತಿದ್ದಾಳೆ. ನಾನು ಕುರಿ ಎಂದೆ. ಕುರಿ ತನ್ನ ಮರಿಯನ್ನು ಹೇಗೆ ಗುರುತು ಹಿಡಿಯುತ್ತದೆ ಎಂಬುದು ನನ್ನ ಪ್ರಶ್ನೆ. ನಿಮ್ಮ ಮಂದೆ ಈಯುವ ಕಾಲ ಇದು. ನಾನು ಅಲ್ಲಿ ಇರಲಾರೆ, ನನ್ನ ಕಣ್ಣು ನೀವಾಗಬೇಕು.

ಮೇಡಂ ನಿಯಮ ಒಂದೇ. ಕಂಡದ್ದನ್ನು ಮಾತ್ರ ಬರೆಯಬೇಕು, ಗಂಟೆ ನಿಮಿಷದ ಸಮೇತ. 'ಕುರಿಗೆ ಬೇಜಾರಾಯಿತು' ಎಂದರೆ ಕೆಂಪು ಗೆರೆ ಬೀಳುತ್ತದೆ. 'ಕುರಿ ಬೆನ್ನು ತಿರುಗಿಸಿತು' ಎಂದರೆ ಸರಿ. ಇದರ ಜೊತೆ ನೋಟ್‌ಬುಕ್, ನನ್ನ ಹಳೆಯ ವಾಚು, ಸ್ಟಾಂಪ್ ಹಚ್ಚಿದ ಎರಡು ಕವರ್ ಕಳಿಸಿದ್ದೇನೆ.

ಗೌರಿ ಹಬ್ಬಕ್ಕೆ ಬಂದಾಗ ನೀವು ಕೊಟ್ಟ ಕನಕಾಂಬರ ಎರಡು ದಿನ ಬಾಡಲಿಲ್ಲ. ಅದನ್ನು ಪಕ್ಕದ ಮನೆಯವರ ಕೈಗೆ ಕೊಟ್ಟು 'ನೀವೇ ಮುಡಿಸಿ' ಅಂದಿರಿ.

ವರಲಕ್ಷ್ಮಿ

—

ಗುಡೇಮಾರನಹಳ್ಳಿ
೨೧ ನವೆಂಬರ್ ೨೦೨೪

ವರಲಕ್ಷ್ಮಿಗೆ ಮಾಯಮ್ಮ ಬರೆಯುವುದು.

ಪುಸ್ತಕ, ವಾಚು, ಕವರ್ ಬಂದವು. ನಾನು ಏಳನೇ ಕ್ಲಾಸಿನ ತನಕ ಓದಿದವಳು. ಅಕ್ಷರ ಸೊಟ್ಟ ಇದ್ದರೆ ನಿಮ್ಮ ಮೇಡಂ ನಗಬಾರದು. ವಾಚು ಕಟ್ಟಿಕೊಂಡು ಕುರಿ ಹೊಡೆದುಕೊಂಡು ಹೋಗುತ್ತಿದ್ದರೆ ರಾಮಲಿಂಗಯ್ಯ ಕಟ್ಟೆ ಮೇಲಿಂದ, "ಏನ್ ಮಾಯಮ್ಮ, ಆಫೀಸ್‌ಗೆ ಒಂಟ್ಯಾ?" ಅಂದ. "ಊಂ ಕಣಣ್ಣ, ಇವ್ರೆಲ್ಲ ನನ್ ಸ್ಟಾಫು" ಅಂದೆ.

ನಮ್ಮ ಕುರಿ ಕೆಂಚಿ ಈದಿದ್ದು ಹದಿನಾಲ್ಕನೇ ತಾರೀಕು ಬೆಳಿಗ್ಗೆ. ಆರು ಹತ್ತಕ್ಕೆ ಒಂದು ಗಂಡು ಮರಿ. ಆರು ಹನ್ನೆರಡಕ್ಕೆ ನೆಕ್ಕಲು ಶುರು ಮಾಡಿತು. ಮೊದಲು ಮೂತಿ, ಆಮೇಲೆ ಬೆನ್ನು. ಬಾಯಿ ತೆರೆಯದೆ ಗಂಟಲೊಳಗೇ ಸಣ್ಣಗೆ ಸದ್ದು ಮಾಡಿತು. ಆ ಸದ್ದನ್ನು ಮರಿ ಹಾಕಿದಾಗ ಬಿಟ್ಟರೆ ಬೇರೆ ಯಾವಾಗಲೂ ಮಾಡುವುದಿಲ್ಲ. ಆರು ಮೂವತ್ತೈದಕ್ಕೆ ಇನ್ನೊಂದು, ಹೆಣ್ಣು. ಅದನ್ನೂ ನೆಕ್ಕಿತು. ಮರಿ ಕೆಚ್ಚಲಿಗೆ ಬಾಯಿ ಹಾಕಿದ ಕೂಡಲೆ ಕುರಿ ಕತ್ತು ತಿರುಗಿಸಿ ಅದರ ಬಾಲದ ಬುಡ ಮೂಸುತ್ತದೆ. ತನ್ನದಾದರೆ ಕಾಲು ಅಗಲ ಮಾಡಿ ನಿಲ್ಲುತ್ತದೆ. ಮಧ್ಯಾಹ್ನ ಬೇರೆ ಕುರಿಯ ಮರಿಯೊಂದು ತಪ್ಪಿ ಬಂದಿತು. ಕೆಂಚಿ ಮೂಸಿತು, ನಾಲ್ಕು ಸಲ ಗುಮ್ಮಿತು.

ನಿಮ್ಮ ಮೇಡಂಗೆ ಒಂದು ಕೇಳು. ಕಂಡದ್ದು ಬರೆ ಅಂತಾರೆ. ಕಾಣದೆ ಗೊತ್ತಿರುವುದನ್ನು ಎಲ್ಲಿ ಬರೆಯಬೇಕು?

ಕೆಂಚಿಯ ಕೆಚ್ಚಲು ಸಣ್ಣದು. ಅಕ್ಕನ ಮಂಡಿ ನೋವು ಹೇಗಿದೆ? ಎಳ್ಳೆಣ್ಣೆ ಬಿಸಿ ಮಾಡಿ ತಿಕ್ಕು. ನೀನೇ ತಿಕ್ಕು.

ಮಾಯಮ್ಮ

—

ಚನ್ನಪಟ್ಟಣ
೩ ಡಿಸೆಂಬರ್ ೨೦೨೪

ಚಿಕ್ಕಮ್ಮ,

ನಿಮ್ಮ ಕಾಗದವನ್ನು ಮೇಡಂ ಲ್ಯಾಬಿನಲ್ಲಿ ಎಲ್ಲರಿಗೂ ಓದಿ ಹೇಳಿದರು. ಬಾಯಿ ತೆರೆಯದೆ ಮಾಡುವ ಸದ್ದು ಅಂದಿರಲ್ಲ, ಅದು ಅವರ ಪುಸ್ತಕದಲ್ಲೂ ಇದೆಯಂತೆ. "ಈಯಮ್ಮನ್ನ ಒಂದು ದಿನ ಲ್ಯಾಬಿಗೆ ಕರ್ಕೊಂಡು ಬಾ, ನಾನು ಬೆಂಚಲ್ಲಿ ಕೂತ್ಕೊತೀನಿ" ಅಂದರು. ನನಗೆ ಹೆಮ್ಮೆಯಾಯಿತು. ಯಾರು ಅಂತ ಕೇಳಿದರು. ಚಿಕ್ಕಮ್ಮ ಎಂದೆ.

ನಿಮ್ಮ ಪ್ರಶ್ನೆಗೆ ಮೇಡಂ, ಪುಟದ ಎಡಗಡೆ ಕಂಡದ್ದು ಬರೆಯಲಿ, ಬಲಗಡೆ ಖಾಲಿ ಬಿಡಲಿ ಎಂದರು.

ಮೊದಲ ಕಾಗದದಲ್ಲಿ ನಾನು ಬರೆದ ಒಂದು ಮಾತನ್ನು ನೀವು ಮುಟ್ಟಲೇ ಇಲ್ಲ. ಹಾಳೆ ತಿರುಗಿಸಿ ಹಿಂದೆಯೂ ನೋಡಿದೆ. ಇರಲಿ ಬಿಡಿ.

ಕೆಂಚಿಗೆ ಎರಡು ಮರಿ, ಕೆಚ್ಚಲು ಸಣ್ಣದು ಅಂದಿರಿ. ಅಲ್ಲಿಗೇ ನಿಲ್ಲಿಸಿದಿರಿ. ಆಮೇಲೆ ಏನಾಯಿತು? ಎಲ್ಲವನ್ನೂ ಬರೆಯಿರಿ. ಅಮ್ಮನ ಮಂಡಿಗೆ ಎಣ್ಣೆ ತಿಕ್ಕುತ್ತಿದ್ದೇನೆ.

ವರಲಕ್ಷ್ಮಿ

—

ಗುಡೇಮಾರನಹಳ್ಳಿ
೧೯ ಡಿಸೆಂಬರ್ ೨೦೨೪

ವರಲಕ್ಷ್ಮಿಗೆ,

ಕೇಳಿದೆ, ಬರೆಯುತ್ತೇನೆ.

ನವೆಂಬರ್ ಹದಿನೇಳನೇ ತಾರೀಕು ಚುಕ್ಕಿ ಎಂಬ ಕುರಿ ಈದಿತು. ಮರಿ ಉಸಿರಾಡಲಿಲ್ಲ. ಚುಕ್ಕಿ ಅದನ್ನು ಒಂದು ಗಂಟೆ ಇಪ್ಪತ್ತು ನಿಮಿಷ ನೆಕ್ಕಿತು. ಕೆಚ್ಚಲು ಬಿಗಿದುಕೊಂಡು ಹಾಲು ತೊಟ್ಟಿಕ್ಕುತ್ತಿತ್ತು. ಆ ಕಡೆ ಕೆಂಚಿಯ ಹೆಣ್ಣು ಮರಿಗೆ ಹಾಲು ಸಾಲದೆ ಹೊಟ್ಟೆ ಬೆನ್ನಿಗೆ ಅಂಟಿತ್ತು. ಇಂಥ ಹೊತ್ತಿನಲ್ಲಿ ನಾವು ಮರಿ ಕೂಡಿಸುತ್ತೇವೆ. ನಮ್ಮ ಅತ್ತೆ ಕಲಿಸಿದ್ದು.

ಸತ್ತ ಮರಿಯ ಮೈಮೇಲಿನ ಲೋಳೆಯನ್ನು ಬಟ್ಟೆಯಲ್ಲಿ ಒರೆಸಿ, ಕೂಡಿಸುವ ಮರಿಗೆ ತಲೆಯಿಂದ ಬಾಲದ ತನಕ ಸವರಬೇಕು. ಮೇಲೆ ಒಂದು ಚಿಟಿಕೆ ಉಪ್ಪು. ಚುಕ್ಕಿಯ ಹಾಲನ್ನೇ ಹಿಂಡಿ ಬಾಲದ ಬುಡಕ್ಕೆ ಹಚ್ಚಬೇಕು. ಆಮೇಲೆ ಇಬ್ಬರನ್ನೂ ಒಂದೇ ಮೂಲೆಯಲ್ಲಿ ಕಟ್ಟಿಹಾಕಬೇಕು. ಚುಕ್ಕಿ ಮೊದಲ ಸಲ ಗುಮ್ಮಿತು. ಎರಡನೇ ಸಲ ಮೂಸಿತು. ಸಂಜೆ ನಾಲ್ಕೂ ಐವತ್ತಕ್ಕೆ ನೆಕ್ಕಿತು. ಆ ಸಣ್ಣ ಸದ್ದು ಮಾಡಿತು.

ಇದರಲ್ಲಿ ದೊಡ್ಡ ಕೆಲಸ ಹೆತ್ತ ಕುರಿಯದು. ಅದು ಆ ಮರಿಯ ಹತ್ತಿರ ಸುಳಿಯಲೇಬಾರದು. ಅದು ಒಂದು ಸಲ ನೆಕ್ಕಿದರೂ ಅದರ ವಾಸನೆ ಮರಿಗೆ ತಗುಲುತ್ತದೆ, ಕೂಡಿಸಿದ ತಾಯಿ ಒದ್ದುಬಿಡುತ್ತದೆ. ಆಮೇಲೆ ಮರಿಗೆ ಇಬ್ಬರೂ ಇಲ್ಲ. ಅದಕ್ಕೇ ಕೆಂಚಿಯನ್ನೂ ಅದರ ಗಂಡು ಮರಿಯನ್ನೂ ರಾಮಲಿಂಗಯ್ಯನ ದೊಡ್ಡಿಗೆ ಬಿಟ್ಟೆ. ಕೆಂಚಿ ಮೂರು ದಿನ ಈ ಕಡೆಗೆ ಮುಖ ಮಾಡಿ ಕೂಗಿತು. ನಾಲ್ಕನೇ ದಿನ ಮೇಯಿತು.

ಹೆಣ್ಣು ಮರಿ ಈಗ ದುಂಡಗಾಗಿದೆ. ಹೆಸರಿಟ್ಟಿಲ್ಲ. ಬಲಗಡೆ ಖಾಲಿ ಬಿಟ್ಟಿದ್ದೇನೆ.

ಮಾಯಮ್ಮ

—

ಚನ್ನಪಟ್ಟಣ
೫ ಜನವರಿ ೨೦೨೫

ಚಿಕ್ಕಮ್ಮ,

ನಿಮ್ಮ ಕಾಗದವನ್ನು ಈ ಸಲ ಮೇಡಂಗೆ ತೋರಿಸಲಿಲ್ಲ.

ಚೆನ್ನಾಗಿ ಬರೆದಿದ್ದೀರಿ. ಎಲ್ಲವನ್ನೂ ಬರೆಯಿರಿ ಎಂದು ಕೇಳಿದವಳು ನಾನೇ, ಈಗ ಅಳುವುದು ನಾಚಿಕೆಗೇಡು. ಮೂರು ದಿನ ಕೂಗಿತು, ನಾಲ್ಕನೇ ದಿನ ಮೇಯಿತು. ಇಷ್ಟು ನೇರವಾಗಿ ಉತ್ತರ ಕೊಡುತ್ತೀರಿ ಅಂದುಕೊಂಡಿರಲಿಲ್ಲ. ನಿಮಗೆ ನಾಲ್ಕು ದಿನ ಹಿಡಿಯಿತೇ, ಇಲ್ಲ ಮೂರೇ ಸಾಕಾಯಿತೇ?

ನಾನೂ ಒಂದು ಪಟ್ಟಿ ಮಾಡಿದ್ದೆ. ಕಳಿಸಬಾರದು ಎಂದುಕೊಂಡಿದ್ದೆ. ಗೌರಿ ಹಬ್ಬದ ದಿನ ನಿಮ್ಮ ಮನೆಯಲ್ಲಿ ನಾನಿದ್ದದ್ದು ನಾಲ್ಕು ಗಂಟೆ ಇಪ್ಪತ್ತು ನಿಮಿಷ. ಅಷ್ಟರಲ್ಲಿ ನೀವು ಕುರಿಮರಿಗಳನ್ನು ಮುಟ್ಟಿದ್ದು ಮೂವತ್ತೊಂದು ಸಲ. ತಿಮ್ಮೇಶ ಬಿಡದಿ ಫ್ಯಾಕ್ಟರಿಯಿಂದ ತಟ್ಟೆ ಇಡ್ಲಿ ಕಟ್ಟಿಸಿಕೊಂಡು ಬಂದಾಗ ಅವನ ತಲೆ ಸವರಿದ್ದು ಎರಡು ಸಲ. ಪಕ್ಕದ ಮನೆಯ ಮಗುವನ್ನು ಎತ್ತಿಕೊಂಡದ್ದು ಒಂದು ಸಲ. ನನ್ನನ್ನು ಮುಟ್ಟಿದ್ದು ಸೊನ್ನೆ. ಲೋಟ ಕೊಡುವಾಗಲೂ ಜಗಲಿ ಮೇಲಿಟ್ಟು ಹಿಂದೆ ಸರಿದಿರಿ. ಚಿಕ್ಕವಳಿದ್ದಾಗಿಂದ ನೆನಪು ಮಾಡಿಕೊಂಡೆ. ಆಗಲೂ ಸೊನ್ನೆ. ಜ್ವರ ಬಂದು ನಿಮ್ಮ ಮನೆಯಲ್ಲೇ ಮಲಗಿದ್ದಾಗ ಹಣೆ ಮುಟ್ಟಿ ನೋಡಿದ್ದು ಚಿಕ್ಕಪ್ಪ.

ಇದು ಕಂಡದ್ದು. ಬಲಗಡೆ ಏನು ಬರೆಯಬೇಕು ಅಂತ ನೀವೇ ಹೇಳಿ.

ನನ್ನ ಅಮ್ಮ ನನಗೆ ಏನೂ ಕಡಿಮೆ ಮಾಡಿಲ್ಲ. ಮೊನ್ನೆ ಕೂಡ ಕೆಂಗಲ್ ಹನುಮಂತರಾಯನಿಗೆ ನನ್ನ ಹೆಸರಲ್ಲಿ ಪೂಜೆ ಮಾಡಿಸಿ ಬಂದಳು. ಆದರೂ ಬಸ್ಸಿನಲ್ಲಿ ಯಾರಾದರೂ ತಾಯಿ ಮಗಳ ಜಡೆ ಎಳೆದು ಬಿಗಿ ಮಾಡುವುದು ಕಂಡರೆ ನನಗೆ ನಿಮ್ಮ ಕೈ ನೆನಪಾಗುತ್ತದೆ. ಮುಟ್ಟದೆ ಇರುವ ಕೈ ಹೇಗೆ ನೆನಪಾಗುತ್ತದೋ ಗೊತ್ತಿಲ್ಲ.

ನನ್ನ ರೆಕಾರ್ಡ್‌ಗೆ ಬೇಕಾದಷ್ಟು ಸಿಕ್ಕಿದೆ. ಇನ್ನು ನೀವು ಕಷ್ಟಪಡಬೇಕಿಲ್ಲ.

ವರಲಕ್ಷ್ಮಿ

—

ಚನ್ನಪಟ್ಟಣ
೧೦ ಫೆಬ್ರವರಿ ೨೦೨೫

ಚಿಕ್ಕಮ್ಮ,

ಸಂಕ್ರಾಂತಿಗೆ ತಿಮ್ಮೇಶನ ಕೈಲಿ ಎಳ್ಳು ಬೆಲ್ಲ ಬಂತು, ಕಾಗದ ಬರಲಿಲ್ಲ. ಪೋಸ್ಟ್‌ಮ್ಯಾನ್ ನಜೀರಣ್ಣ ನನ್ನನ್ನು ಕಂಡರೆ ದೂರದಿಂದಲೇ ಕೈ ಅಲ್ಲಾಡಿಸಿ ಇಲ್ಲ ಅನ್ನುತ್ತಾರೆ.

ರೆಕಾರ್ಡ್ ಕೊಡಲು ಇನ್ನೂ ಮೂರು ವಾರ ಇದೆ. ಅದಕ್ಕಾಗಿ ಬರೆಯುತ್ತಿಲ್ಲ. ಕಷ್ಟಪಡಬೇಕಿಲ್ಲ ಎಂದದ್ದು ತಪ್ಪಾಯಿತು. ಬೈದಾದರೂ ಬರೆಯಿರಿ.

ವರಲಕ್ಷ್ಮಿ

—

ಗುಡೇಮಾರನಹಳ್ಳಿ
೨೦ ಫೆಬ್ರವರಿ ೨೦೨೫

ವರ,

ಕೋಪದಿಂದ ಸುಮ್ಮನಿರಲಿಲ್ಲ. ನೋಡುತ್ತಿದ್ದೆ. ಒಂದು ದಿನ ಕಂಡದ್ದನ್ನು ನಂಬಬೇಡಿ, ಮತ್ತೆ ಮತ್ತೆ ನೋಡಿ ಅಂತ ನೀನು ಕಳಿಸಿದ ಪುಸ್ತಕದ ಮೊದಲ ಪುಟದಲ್ಲಿ ನಿಮ್ಮ ಮೇಡಂ ಮಾತು ಅಂತ ನೀನೇ ಬರೆದಿದ್ದೀಯ. ಅದಕ್ಕೆ ಒಂದು ತಿಂಗಳು ಹಿಡಿಯಿತು.

ನಿನ್ನ ಪಟ್ಟಿ ಓದಿದೆ. ಎರಡು ದಿನ ಕುರಿ ಬಿಡಲಿಲ್ಲ. ನಿಮ್ಮ ಚಿಕ್ಕಪ್ಪ, "ಯಾಕಮ್ಮಿ, ಮೈಗುಸಾರಿಲ್ವ?" ಅಂದರು. ಅವರಿಗೂ ಹೇಳಲಿಲ್ಲ. ಈಗ ನಿನಗೆ ಹೇಳುತ್ತೇನೆ.

ನೀವಿಬ್ಬರೂ ಹುಟ್ಟಿದಾಗ ನನ್ನ ಹಾಲು ಒಬ್ಬರಿಗೇ ಸಾಲುತ್ತಿರಲಿಲ್ಲ. ಅದೇ ವಾರ ಅಕ್ಕನ ಮಗು ಉಸಿರಿಲ್ಲದೆ ಹುಟ್ಟಿತ್ತು. ಅಕ್ಕನ ಎದೆ ಕಲ್ಲಿನಂತೆ ಕಟ್ಟಿಕೊಂಡು ಅವಳು ಗೋಡೆಗೆ ತಲೆ ಚಚ್ಚಿಕೊಳ್ಳುತ್ತಿದ್ದಳು. ನಮ್ಮ ಅತ್ತೆ ಇಬ್ಬರನ್ನೂ ನೋಡಿದರು. ನಲವತ್ತು ವರ್ಷ ಮರಿ ಕೂಡಿಸಿದ ಕೈ ಅವರದು. ನಿನ್ನನ್ನು ಎತ್ತಿ ಅಕ್ಕನ ಎದೆಗೆ ಹಾಕಿದರು. ನೀನು ಕುಡಿದೆ. ನನ್ನ ಕಣ್ಣೆದುರೇ ನಿನ್ನ ಕೆನ್ನೆಗೆ ಬಣ್ಣ ಬಂತು. ಆಮೇಲೆ ಅತ್ತೆ ನನ್ನ ಹತ್ತಿರ ಬಂದು ಹೇಳಿದರು: "ಕೊಟ್ಟ್‌ಮ್ಯಾಲೆ ಮುಟ್ಬೇಡ ಕಣವ್ವ. ನಿನ್ ವಾಸ್ನೆ ತಗುಲ್ದ್ರೆ ಅವ್ಳೆದೆ ಬತ್ತೋಯ್ತದೆ. ಆಮ್ಯಾಕೆ ಮಗೀಗೆ ಇಬ್ರೂ ಇಲ್ದಂಗಾಯ್ತದೆ."

ಎಷ್ಟು ದಿನ ಅಂತ ನಾನು ಕೇಳಲಿಲ್ಲ. ಅವರೂ ಹೇಳಲಿಲ್ಲ. ಆರು ತಿಂಗಳಿಗೆ ಅವರು ತೀರಿಕೊಂಡರು. ಸಾಕು, ಇನ್ನು ಮುಟ್ಟು ಅಂತ ಹೇಳುವವರು ಯಾರೂ ಉಳಿಯಲಿಲ್ಲ.

ನೀನು ಹಾಲು ಬಿಟ್ಟ ಮೇಲಾದರೂ ಮುಟ್ಟಬಹುದಿತ್ತು. ಅಷ್ಟು ಹೊತ್ತಿಗೆ ಹೆದರಿಕೆ ಮೈಗೆ ಅಂಟಿತ್ತು. ನೀನು ಓಡಿ ಬಂದರೆ ಕೈ ಹಿಂದಕ್ಕೆ ಕಟ್ಟಿಕೊಳ್ಳುತ್ತಿದ್ದೆ. ನಾನು ಒಂದು ಸಲ ಎತ್ತಿಕೊಂಡರೆ ಅಕ್ಕನಿಗೆ ನೀನು ಬೇಡವಾಗಿಬಿಡುತ್ತೀಯೇನೋ ಅಂತ. ದಡ್ಡತನ ಅನ್ನು. ಕುರಿಯ ಜೊತೆಯೇ ಬೆಳೆದವಳು, ನನಗೆ ಬೇರೆ ಏನು ಗೊತ್ತು? ಜ್ವರದ ದಿನ ನಿಮ್ಮ ಚಿಕ್ಕಪ್ಪನಿಗೆ ಹಣೆ ಮುಟ್ಟಿ ನೋಡಿ ಅಂದವಳು ನಾನು. ಬಾಗಿಲ ಹಿಂದೆ ನಿಂತಿದ್ದೆ.

ನೀವು ಬಂದು ಹೋದ ಮೇಲೆ ನೀನು ಮಲಗಿದ್ದ ಕಂಬಳಿಯನ್ನು ಮೂರು ದಿನ ಕೊಡವುವುದಿಲ್ಲ. ಅದರಲ್ಲಿ ಅರಗಿನ ವಾಸನೆ ಇರುತ್ತದೆ. ನಿನ್ನ ಪಟ್ಟಿಯಲ್ಲಿ ಇದು ಇಲ್ಲ, ನೀನು ಹೋದ ಮೇಲೆ ಆಗುವುದು ಇದು.

ಈಗ ಕಂಡದ್ದು ಬರೆಯುತ್ತೇನೆ. ನಿನ್ನ ಕಾಗದ ಬಂದ ಮೇಲೆ, ಜನವರಿ ಹನ್ನೆರಡಕ್ಕೆ, ನಮ್ಮ ದೊಡ್ಡಿಯಲ್ಲಿ ಯಾರೂ ಮಾಡದ ಕೆಲಸ ಮಾಡಿದೆ. ಕೆಂಚಿಯನ್ನು ವಾಪಸ್ಸು ಹೊಡೆದುಕೊಂಡು ಬಂದು ಆ ಹೆಣ್ಣು ಮರಿಯ ಪಕ್ಕ ಬಿಟ್ಟೆ. ಕೆಂಚಿ ಮರಿಯನ್ನು ಮೂಸಿತು. ನೆಕ್ಕಲಿಲ್ಲ. ಹುಲ್ಲಿನ ಕಡೆ ಹೋಯಿತು. ನಾನೇ ಕೆಂಚಿಯ ಮೈಗೆ ಬಟ್ಟೆ ಒರೆಸಿ ಮರಿಗೆ ತಿಕ್ಕಿದೆ, ಬಾಲದ ಬುಡ ಬಿಡದೆ. ಆಮೇಲೆ ಚುಕ್ಕಿಯ ಹತ್ತಿರ ಬಿಟ್ಟೆ. ಚುಕ್ಕಿ ಮೂಸಿತು. ಇನ್ನೊಂದು ಸಲ ಮೂಸಿತು. ಕಾಲು ಅಗಲ ಮಾಡಿ ನಿಂತಿತು. ಮರಿ ಕುಡಿಯಿತು.

ಒಂದು ತಿಂಗಳಲ್ಲಿ ಹನ್ನೊಂದು ಸಲ ಹೀಗೆ ಮಾಡಿದೆ. ಹನ್ನೊಂದು ಸಲವೂ ಚುಕ್ಕಿ ಒದೆಯಲಿಲ್ಲ.

ಒಂದು ಸಲ ಕೂಡಿದರೆ ಕೂಡಿದ್ದೇ ಕಣವ್ವ. ಹತ್ತೊಂಬತ್ತು ವರ್ಷ ನಾನು ಸುಮ್ಮನೆ ದೂರ ನಿಂತೆ.

ಇನ್ನೊಂದು ಬರೆಯಬೇಕು. ಕೆಂಚಿ ತನ್ನ ಮರಿಯನ್ನು ಮರೆತಿತ್ತು. ನೀನು ಕೇಳಿದೆಯಲ್ಲ, ನಾಲ್ಕು ದಿನವೋ ಮೂರೋ ಅಂತ. ಅದು ಕೆಂಚಿಯ ಲೆಕ್ಕ. ನನ್ನದು ಬಲಗಡೆಯದು. ಆ ಕಡೆ ಬರೆಯಲು ನನಗೆ ಬರುವುದಿಲ್ಲ. ನೀನು ಬಂದರೆ ಹೇಳುತ್ತೇನೆ. ಬರುವುದಿಲ್ಲ ಅಂದರೂ ನಿನ್ನ ತಪ್ಪಲ್ಲ.

ಮಾಯಮ್ಮ

—

ಚನ್ನಪಟ್ಟಣ
೨ ಮಾರ್ಚ್ ೨೦೨೫

ಏನೆಂದು ಕರೆಯಲಿ ಎಂದು ಗೊತ್ತಾಗದೆ ಈ ಜಾಗ ಖಾಲಿ ಬಿಟ್ಟಿದ್ದೇನೆ.

ನಿನ್ನ ಕಾಗದವನ್ನು ಅಮ್ಮನ ಮುಂದೆ ಓದಿದೆ. ಮುಚ್ಚಿಡಬಾರದು ಅನ್ನಿಸಿತು. ಅವಳು ಮಂಡಿ ಮೇಲೆ ಎಣ್ಣೆ ಹಚ್ಚಿಕೊಂಡು ಕೂತಿದ್ದವಳು ಎಣ್ಣೆ ಬಟ್ಟಲು ಕೆಳಗಿಟ್ಟಳು. ಆಮೇಲೆ ಹೇಳಿದಳು: "ಅಯ್ಯೋ ನನ್ನ ಶಿವ್ನೇ, ನಾನೇನ್ ಅನ್ಕಂಡಿದ್ದೆ ಗೊತ್ತಾ? ನಿನ್ನ ಅವ್ಳ್ ಕೈಗೆ ಕೊಡಾಕ್ ಓದಾಗ್ಲೆಲ್ಲ ಇಂದಕ್ ಓಗ್ಬುಡೋಳು. ಮಗೀನ ಕಸ್ಕಂಡ್ಬುಟ್ಟೆ ಅಂತ ನನ್ ಮ್ಯಾಲೆ ಮುನಿಸು ಅವ್ಳಿಗೆ ಅನ್ಕಂಡು ನಾನೂ ಬಲವಂತ ಮಾಡ್ನಿಲ್ಲ. ನಮ್ಮತ್ರ ಒಂದ್ ಮಾತು ಬಾಯ್ ಬುಟ್ಟು ಕೇಳ್ಬಾರ್ದಾಗಿತ್ತಾ, ಪೆದ್ದಿ!" ಆಮೇಲೆ ಅತ್ತಳು. ಆಮೇಲೆ ಪೆದ್ದಿ ಎಂದು ಇನ್ನೂ ನಾಲ್ಕು ಸಲ ಬೈದಳು. ನಿನ್ನನ್ನೋ ತನ್ನನ್ನೋ ತಿಳಿಯಲಿಲ್ಲ.

ಮೇಡಂಗೂ ತೋರಿಸಿದೆ. ಕುರಿ ಮರಿಯ ವಾಸನೆ ಕಲಿಯುವುದು ಹೆತ್ತ ಮೊದಲ ಕೆಲವು ಗಂಟೆಗಳಲ್ಲಂತೆ. ಮರಿ ಚೆನ್ನಾಗಿ ಕೂಡಿಕೊಂಡ ಮೇಲೆ ಹಾಗೆಲ್ಲ ಬಿಡುವುದಿಲ್ಲವಂತೆ. ನಿನ್ನ ಹನ್ನೊಂದು ಸಲದ ಪಟ್ಟಿಯನ್ನು ಎರಡು ಸಲ ಓದಿ, "ಇದನ್ನ ನಾನು ತಿದ್ದೋ ಹಾಗಿಲ್ಲ" ಎಂದು ಸಹಿ ಮಾಡಿದರು. ನಿನ್ನ ಕೊನೆಯ ಪುಟವನ್ನು ರೆಕಾರ್ಡ್‌ನಿಂದ ತೆಗೆದು ನನ್ನ ಕೈಗೇ ಕೊಟ್ಟರು. ಅದು ಲ್ಯಾಬಿಗೆ ಸೇರಿದ್ದಲ್ಲ ಎಂದರು.

ಒಂಬತ್ತನೇ ತಾರೀಕು ಭಾನುವಾರ ಬರುತ್ತೇನೆ. ರಾಮನಗರಕ್ಕೆ ಹೋಗಿ ಮಾಗಡಿ ಬಸ್ಸು ಹಿಡಿಯುತ್ತೇನೆ. ಹತ್ತೂವರೆಯ ಹೊತ್ತಿಗೆ ನಿಮ್ಮೂರ ಸ್ಟಾಪು. ಅಮ್ಮ ಬರುವುದಿಲ್ಲ ಅನ್ನುತ್ತಾಳೆ. ಮಂಡಿ ನೋವಿನ ನೆಪ. ಈ ಸಲ ನೀನೊಬ್ಬಳೇ ಹೋಗು ಎಂದು ನನ್ನ ಜಡೆ ಬಿಗಿಯಾಗಿ ಹೆಣೆದು ತೋರಿಸಿದಳು, ಅವತ್ತು ಹೂವಿಲ್ಲದೆ ಕಳಿಸುತ್ತಾಳಂತೆ.

ಹೂವನ್ನು ಪಕ್ಕದ ಮನೆಯವರ ಕೈಗೆ ಕೊಡಬೇಡ.

ವರ

—

ನೋಟ್‌ಬುಕ್ಕಿನ ಕೊನೆಯ ಹಾಳೆ
ಗುಡೇಮಾರನಹಳ್ಳಿ
೯ ಮಾರ್ಚ್ ೨೦೨೫, ಭಾನುವಾರ

ಒಂಬತ್ತು ಹತ್ತು. ಬಸ್ ಸ್ಟಾಪಿಗೆ ಬಂದೆ. ರಾಮಲಿಂಗಯ್ಯ, "ಇವತ್ ನಿನ್ ಸ್ಟಾಫ್ ಎಲ್ಲವ್ವ?" ಅಂದ. ರಜ ಕೊಟ್ಟೆ ಅಂದೆ.

ಹತ್ತು ಗಂಟೆ. ಒಂದು ಬಸ್ಸು ಬಂತು. ಅವಳಿಲ್ಲ.

ಹತ್ತೂ ಇಪ್ಪತ್ತು. ಸೆರಗಿನ ಕನಕಾಂಬರಕ್ಕೆ ನೀರು ಚಿಮುಕಿಸಿದೆ.

ಹತ್ತೂ ನಲವತ್ತು. ಇನ್ನೊಂದು ಬಸ್ಸು. ಅವಳು ಇಳಿದಳು. ನೀಲಿ ಚೂಡಿದಾರ್. ಬಸ್ಸು ಹೋಯಿತು. ಅವಳು ಆ ಕಡೆ ನಿಂತಳು, ನಾನು ಈ ಕಡೆ. ನನ್ನ ಕೈ ಹಿಂದಕ್ಕೆ ಹೋಗಿತ್ತು.

ಹತ್ತೂ ನಲವತ್ತೆರಡು. ರಸ್ತೆ ದಾಟಿ ಬಂದಳು. ಬಂದು ಬೆನ್ನು ತಿರುಗಿಸಿ ನಿಂತಳು. ಜಡೆಯಲ್ಲಿ ಹೂವಿರಲಿಲ್ಲ.

ಹತ್ತೂ ನಲವತ್ತಮೂರು. ಹೂ ಮುಡಿಸಿದೆ. ಎರಡು ಸಲ ಜಾರಿತು. ನೆತ್ತಿ ಮೂಸಿದೆ. ಅರಗು, ಕೊಬ್ಬರಿ ಎಣ್ಣೆ, ಬಸ್ಸಿನ ಧೂಳು. ಅವಳು ತಿರುಗಿದಳು.

ಅಲ್ಲಿಂದ ಎಷ್ಟು ಹೊತ್ತು ಎಂದು ಬರೆದಿಲ್ಲ, ಮೇಡಂ ಕ್ಷಮಿಸಬೇಕು. ವಾಚು ಕಟ್ಟಿದ್ದ ಕೈ ಅವಳ ಬೆನ್ನ ಮೇಲಿತ್ತು.